ಮೂಲೆ ಬಂಗಲೆಗೆ ರಾತ್ರಿ ‘ದೆವ್ವ ನೋಡಲು’ ಬರುವವರು: ಏನು ಮಾಡೋಣ?

ಮನೆ ನಂ. 14 (ಭಾನುವಾರ, ಬೆಳಿಗ್ಗೆ 6:50)
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಒಂದೂವರೆಗೆ ಮತ್ತೆ ಬಂದಿದ್ದರು. ನಾಲ್ಕು ಬೈಕು, ಒಂದು ಕಾರು. ಗೇಟ್ ಹತ್ತಿ ಆ ಖಾಲಿ ಬಂಗಲೆ ಒಳಗೆ ಇಳಿದರು. ಕಿರುಚಾಟ, ನಗು, ಮೊಬೈಲ್ ಲೈಟು. ನಮ್ಮ ಅತ್ತೆಗೆ 82 ವರ್ಷ, ಬಿಪಿ ಬೇರೆ. ಎದ್ದು ಕೂತವರು ಬೆಳಗಾಗುವವರೆಗೂ ಮಲಗಲಿಲ್ಲ. ಈ ತಿಂಗಳಲ್ಲಿ ಇದು ಐದನೇ ಸಲ. ಎರಡು ದಿನ ಗುಡ್ ಮಾರ್ನಿಂಗ್ ಹೂವು ಕಳಿಸುವುದು ನಿಲ್ಲಿಸಿ, ಇದಕ್ಕೊಂದು ದಾರಿ ಹುಡುಕೋಣ.

ಮನೆ ನಂ. 9
ನಮ್ಮ ಕಾಂಪೌಂಡ್ ಮೇಲೆ ಬಿಯರ್ ಬಾಟಲಿ ಸಾಲಾಗಿ ಇಟ್ಟು ಹೋಗಿದ್ದಾರೆ, ಗೊಂಬೆ ಹಬ್ಬದ ಹಾಗೆ. ಮೊನ್ನೆ ಒಬ್ಬ ಹುಡುಗ ನನ್ನನ್ನೇ ಕೇಳಿದ, “ಅಂಕಲ್, ದೆವ್ವ ಎಷ್ಟು ಗಂಟೆಗೆ ಬರುತ್ತೆ?” “ನೀನು ಮನೆಗೆ ಹೋದ ಮೇಲೆ” ಅಂದೆ.

ಮನೆ ನಂ. 11
ಒಂದು ಶಾಂತಿ ಹೋಮ ಮಾಡಿಸಿದರೆ ಹೇಗೆ? ಖರ್ಚು ಹಂಚಿಕೊಳ್ಳೋಣ.

ಮನೆ ನಂ. 9
ಸಾರ್, ಅದನ್ನೂ ವೀಡಿಯೊ ಮಾಡಿ ಹಾಕುತ್ತಾರೆ. “ಬಡಾವಣೆಯವರೇ ಒಪ್ಪಿಕೊಂಡರು” ಅಂತ!

ಮನೆ ನಂ. 22
ನಿಜ ಹೇಳಿಬಿಡುತ್ತೇನೆ, ನನಗೆ ಇಂಥ ಜಾಗ ಅಂದರೆ ಪ್ರಾಣ. ರಜೆ ಸಿಕ್ಕಿದರೆ ನಮ್ಮವಳು ಊಟಿ ಅನ್ನುತ್ತಾಳೆ, ನಾನು ಭಾನಗಢ ಅನ್ನುತ್ತೇನೆ. ಅದು ರಾಜಸ್ಥಾನದ ಅಲ್ವರ್ ಜಿಲ್ಲೆಯ ಪಾಳು ಕೋಟೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಒಳಗೆ ಬರಬಾರದು ಅಂತ ಪುರಾತತ್ವ ಇಲಾಖೆಯ ಬೋರ್ಡ್ ಇದೆ. ಜನ ಆ ಬೋರ್ಡನ್ನೇ ದೆವ್ವಕ್ಕೆ ಸಾಕ್ಷಿ ಮಾಡಿಕೊಂಡಿದ್ದಾರೆ. ಪಕ್ಕದಲ್ಲೇ ಸರಿಸ್ಕಾ ಕಾಡು, ಹುಲಿಗಳಿವೆ. ಕತ್ತಲಲ್ಲಿ ಯಾರನ್ನಾದರೂ ಒಳಗೆ ಬಿಡುತ್ತಾರಾ? ಆದರೂ ಸಂಜೆ ಆ ಮುರಿದ ಅಂಗಡಿ ಸಾಲಿನಲ್ಲಿ ನಡೆಯುವಾಗ ಬೆನ್ನಲ್ಲಿ ಚಳಿ ಹತ್ತಿತು. ಸುಳ್ಳು ಹೇಳಲ್ಲ, ಆ ಚಳಿಗೇ ನಾನು ಅಷ್ಟು ದೂರ ಹೋಗಿದ್ದು.

ಜೈಸಲ್ಮೇರ್ ಹತ್ತಿರದ ಕುಲಧರಾ ಇನ್ನೊಂದು. ಪಾಲಿವಾಲ ಬ್ರಾಹ್ಮಣರು ಬಿಟ್ಟು ಹೋದ ಊರು. ದಿವಾನ ಸಾಲಿಂ ಸಿಂಗನ ಕಾಟಕ್ಕೆ ರಾತ್ರೋರಾತ್ರಿ ಶಾಪ ಹಾಕಿ ಹೊರಟರು ಅಂತ ಕಥೆ. ನೀರು ಬತ್ತಿ ಸ್ವಲ್ಪ ಸ್ವಲ್ಪವೇ ಖಾಲಿಯಾಯಿತು ಅನ್ನುವವರೂ ಇದ್ದಾರೆ. ಗೈಡ್ ಮಾತ್ರ ಮೊದಲನೆಯದನ್ನೇ ಹೇಳುತ್ತಾನೆ, ಅವನ ಹೊಟ್ಟೆಪಾಡು. ದೆಹಲಿಯಲ್ಲಂತೂ 2023ರಲ್ಲಿ ಪ್ರವಾಸೋದ್ಯಮದವರೇ ಮಾಲ್ಚಾ ಮಹಲ್ ಅನ್ನುವ ಪಾಳು ಕಟ್ಟಡಕ್ಕೆ ಗೈಡ್ ಜೊತೆ ‘ದೆವ್ವದ ನಡಿಗೆ’ ಶುರು ಮಾಡಿದರು.

ನಾನು ಹೇಳುವುದು ಇಷ್ಟೇ. ಅಲ್ಲೆಲ್ಲ ಒಂದು ಗೇಟಿದೆ, ಹೊತ್ತು ಗೊತ್ತು ಇದೆ, ಕೇಳುವವರು ಇದ್ದಾರೆ. ಸ್ಕಾಟ್ಲೆಂಡಿನ ಎಡಿನ್‌ಬರೋದ ಗ್ರೇಫ್ರೈಯರ್ಸ್ ಸ್ಮಶಾನದಲ್ಲಿ ದೆವ್ವದ ಕಥೆ ಜಾಸ್ತಿ ಇರುವ ಭಾಗಕ್ಕೆ ಬೀಗ ಹಾಕಿದ್ದಾರೆ, ಗೈಡ್ ಜೊತೆಗೇ ಹೋಗಬೇಕು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇಂಥ ನಡಿಗೆಯ ಒಂದು ಗುಂಪಿಗೆ ಹೆಚ್ಚೆಂದರೆ 28 ಜನ, ರಾತ್ರಿ 10ರೊಳಗೆ ಮುಗಿಸಬೇಕು. ಯಾಕೆ ಅಂದರೆ ಆ ಬೀದಿಗಳಲ್ಲಿ ಜನ ಮಲಗುತ್ತಾರೆ. ನಮ್ಮಲ್ಲೂ ಮಲಗುತ್ತಾರೆ.

ಮನೆ ನಂ. 5
ಅಮೆರಿಕದ ಅಮಿಟಿವಿಲ್ ಮನೆಯ ಕಥೆ ಗೊತ್ತಲ್ಲ? 1974ರಲ್ಲಿ ಅಲ್ಲಿ ಕೊಲೆಗಳಾದವು. ಆಮೇಲೆ ಪುಸ್ತಕ, ಸಿನಿಮಾ. ನೋಡಲು ಬರುವವರ ಕಾಟ ತಡೆಯಲಾರದೆ ಕಿಟಕಿ ಬದಲಿಸಿದರು, ಕೊನೆಗೆ ಮನೆ ನಂಬರನ್ನೇ 112ರಿಂದ 108 ಮಾಡಿದರು. ನಮ್ಮದರಲ್ಲಿ ಕೊಲೆಯೂ ಆಗಿಲ್ಲ, ಏನೂ ಆಗಿಲ್ಲ. ಅಣ್ಣತಮ್ಮಂದಿರ ಪಾಲಿನ ಕೇಸು ಅಷ್ಟೇ.

ಮನೆ ನಂ. 9
ಅದಕ್ಕಿಂತ ಭಯಂಕರ ಇನ್ನೇನು ಬೇಕು!

ಮನೆ ನಂ. 17
ನಾನು ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು, ಒಂದು ಮಾತು. ಈ ಹುಡುಗರು ಹಾಕುವ ವೀಡಿಯೊಗಳಲ್ಲಿ ಕೇಳುವ ‘ಹೆಣ್ಣಿನ ಚೀರಾಟ’ ಕಣಜ ಗೂಬೆಯದು. ಬೇರೆ ಗೂಬೆಗಳ ಹಾಗೆ ಅದು ಗೂ ಗೂ ಅನ್ನುವುದಿಲ್ಲ, ಕಿರುಚುತ್ತದೆ. ಮರಿಗಳು ಬುಸ್ ಬುಸ್ ಅನ್ನುತ್ತವೆ, ಯಾರೋ ಗೊರಕೆ ಹೊಡೆದ ಹಾಗೆ. ಮುಖ ಬೆಳ್ಳಗೆ, ಹಾರುವಾಗ ರೆಕ್ಕೆ ಸದ್ದೇ ಇಲ್ಲ. ಬಿಳಿ ಸೀರೆಯ ಕಥೆ ಎಲ್ಲಿಂದ ಬಂತು ಅಂತ ನೀವೇ ಯೋಚಿಸಿ. ಅಟ್ಟದಲ್ಲಿ ಈಗ ಮರಿಗಳಿವೆ. ದಯವಿಟ್ಟು ಬಂಗಲೆ ಕಡೆಗೆ ದೊಡ್ಡ ಲೈಟ್ ಹಾಕಿಸಬೇಡಿ. ನಮ್ಮ ಬೀದಿಯ ಇಲಿಗಳನ್ನು ಹಿಡಿಯುತ್ತಿರುವುದು ಅವೇ.

ಮನೆ ನಂ. 3
ವಕೀಲನಾಗಿ ನನ್ನ ಪಾಲು. ಗೇಟ್ ಹತ್ತಿ ಒಳಗೆ ಹೋಗುವುದು ಅತಿಕ್ರಮ ಪ್ರವೇಶ, ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ನೋಡಿ. ಮಾಲೀಕರ ದೂರು ಇದ್ದರೆ ಗಟ್ಟಿ. ಅವರ ಇಮೇಲ್ ನನ್ನ ಹತ್ತಿರ ಇದೆ, ಇವತ್ತೇ ಬರೆಯುತ್ತೇನೆ. ನಾವು ಹತ್ತು ಮನೆಯವರಾದರೂ ಸಹಿ ಹಾಕಿ, ದಿನಾಂಕ, ಸಮಯ, ಗಾಡಿ ನಂಬರು ಬರೆದು ಠಾಣೆಗೆ ಕೊಡೋಣ, ಸ್ವೀಕೃತಿ ಮರೆಯದೆ ತೆಗೆದುಕೊಳ್ಳೋಣ. ಅವರು ಬಂದ ರಾತ್ರಿ ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ. ಯಾರೂ ದೊಣ್ಣೆ ಹಿಡಿದು ಹೋಗಬೇಡಿ. ಹುಡುಗರ ಮುಖ ಈ ಗ್ರೂಪಿನಿಂದ ಹೊರಗೆ ಕಳಿಸಬೇಡಿ.

ಮನೆ ನಂ. 27
ಆಂಟಿ, ಅಂಕಲ್, ಬೈಬೇಡಿ. ಮೊದಲ ರೀಲ್ ಹಾಕಿದ್ದು ನಾನೇ. ನಮ್ಮ ಮಹಡಿಯಿಂದ ಸುಮ್ನೆ ತಮಾಷೆಗೆ ತೆಗೆದಿದ್ದು. ಲೊಕೇಶನ್ ಹಾಕಿಬಿಟ್ಟಿದ್ದೆ. ಇಷ್ಟು ಓಡುತ್ತೆ ಅಂದುಕೊಂಡಿರಲಿಲ್ಲ. ಈಗ ಅಳಿಸಿದ್ದೇನೆ, ಆದರೆ ಬೇರೆಯವರು ಎತ್ತಿ ಹಾಕಿಕೊಂಡಿದ್ದಾರೆ.

ಮನೆ ನಂ. 14
ನೀನಾ? ಹೋದ ವಾರ ನಮ್ಮ ಮನೆಯಲ್ಲಿ ಚಕ್ಕುಲಿ ತಿಂದೆಯಲ್ಲೋ, ಆಗ ಬಾಯಿ ಬಿಡಬಾರದಿತ್ತಾ?

ಮನೆ ನಂ. 27
ಸಾರಿ ಆಂಟಿ. ಗೂಗಲ್ ಮ್ಯಾಪ್‌ನಲ್ಲಿ ಯಾರೋ ‘ದೆವ್ವದ ಮನೆ’ ಅಂತ ಗುರುತು ಹಾಕಿದ್ದಾರೆ. ಅದೇ ಜಾಸ್ತಿ ತೊಂದರೆ, ಹೊರಗಿನವರು ಅದನ್ನು ನೋಡಿಕೊಂಡೇ ಬರುವುದು. ನಾನೊಬ್ಬ ದೂರಿದರೆ ಸಾಲದು, ಎಲ್ಲರೂ ಮಾಡಬೇಕು. ಮಾಡುವುದು ಹೇಗೆ ಅಂತ ಸಂಜೆ ಮನೆಮನೆಗೆ ಬಂದು ತೋರಿಸುತ್ತೇನೆ.

ಮನೆ ನಂ. 3
ಒಳ್ಳೆಯದು. ಸಂಜೆ ಆರಕ್ಕೆ ನಮ್ಮ ಮನೆ ಮುಂದೆ ಸೇರೋಣ, ಸಹಿಗೆ. ಮುಂದಿನ ಶನಿವಾರ ರಾತ್ರಿ ಎಚ್ಚರ ಇರುವವರು ಯಾರು?

ಮನೆ ನಂ. 22
ನಾನು. ಹೇಗೂ ನನಗೆ ಅಭ್ಯಾಸ.

ಮನೆ ನಂ. 5 (ಮಧ್ಯಾಹ್ನ 3:20)
ಬಂಗಲೆ ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದವರು ಯಾರು ಸ್ವಾಮಿ? ಹಾಡುಹಗಲೇ ಮೂರು ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದಾರೆ.

ಮನೆ ನಂ. 14
ಅಯ್ಯೋ ದೇವರೇ, ನಮ್ಮ ಅತ್ತೆ. ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ ಅಂತ ಸುದ್ದಿ ಹಬ್ಬಿದಾಗ ಬೀದಿ ಬೀದಿಯಲ್ಲೂ ಬಾಗಿಲ ಮೇಲೆ ಬರೆದಿದ್ದರಲ್ಲ. ಆಗ ದೆವ್ವ ವಾಪಸ್ ಹೋಯಿತು, ಈ ಹುಡುಗರೂ ಹೋಗುತ್ತಾರೆ ಅಂತ ಅವರ ಲೆಕ್ಕ. ಬಕೆಟ್ ತಗೊಂಡು ಹೊರಟೆ.

ಮನೆ ನಂ. 27
ಇರಿ ಆಂಟಿ, ನಾನೇ ಒರೆಸುತ್ತೇನೆ.

ಮನೆ ನಂ. 9
ಒರೆಸು ಮಗ. ವೀಡಿಯೊ ಮಾತ್ರ ಮಾಡಬೇಡ.