ಟವರ್ ಇಲ್ಲದ ಏರ್‌ಪೋರ್ಟ್: ರೇಡಿಯೊದಲ್ಲಿ ಯಾರೂ ಮಾತಾಡದಿದ್ದರೆ ರನ್‌ವೇ ಖಾಲಿ ಎಂದುಕೊಳ್ಳಬಹುದಾ?

ದಾವಣಗೆರೆ_ಸೋಲೋ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಕಲಿಯುತ್ತಿದ್ದೇನೆ. ಇಲ್ಲಿಯವರೆಗೆ ಹಾರಿದ್ದು ಹೆಚ್ಚಾಗಿ ಟವರ್ (ರೇಡಿಯೊದಲ್ಲಿ ವಿಮಾನಗಳಿಗೆ ಅನುಮತಿ ಕೊಡುವ ನಿಯಂತ್ರಣ ಕೇಂದ್ರ) ಇರುವ ಕಡೆಯೇ. ಟ್ಯಾಕ್ಸಿಗೆ ಕೇಳಬೇಕು, ಟೇಕಾಫ್‌ಗೆ ಕೇಳಬೇಕು, ಇಳಿಯೋದಕ್ಕೂ ಕೇಳಬೇಕು, ಅವರು ಹೇಳಿದ್ದನ್ನು ತಿರುಗಿ ಹೇಳಿ ಹಾಗೆಯೇ ಮಾಡಬೇಕು. ಮುಂದಿನ ವಾರ ಸೋಲೋ ಕ್ರಾಸ್ ಕಂಟ್ರಿ (ಒಂಟಿಯಾಗಿ ಬೇರೆ ಊರುಗಳಿಗೆ ಹಾರಿ ಬರುವುದು) ಇದೆ, ಇಳಿಯುವ ಎರಡು ಕಡೆಯೂ ಟವರ್ ಇಲ್ಲ. ಒಂದರಲ್ಲಂತೂ ಎರಡು ರನ್‌ವೇ ಒಂದನ್ನೊಂದು ಅಡ್ಡ ಹಾಯುತ್ತವೆ. ಇನ್‌ಸ್ಟ್ರಕ್ಟರ್ ಜೊತೆ ಹೋಗಿದ್ದಾಗ ಅಲ್ಲಿ ಬೇರೆ ವಿಮಾನವೇ ಇರಲಿಲ್ಲ, ಹಾಗಾಗಿ ನಿಜವಾದ ಅಭ್ಯಾಸ ಆಗಲಿಲ್ಲ. ನಾನು ರೇಡಿಯೊದಲ್ಲಿ ಹೇಳಿದ ಮೇಲೆ ಯಾರೂ ಉತ್ತರ ಕೊಡದಿದ್ದರೆ ರನ್‌ವೇ ಖಾಲಿ ಅಂತ ಹೊರಡಬಹುದಾ?

ಹುಬ್ಬಳ್ಳಿ_ಸಿಎಫ್‌ಐ

ಬೇಡ. ಯಾರೂ ಮಾತಾಡಲಿಲ್ಲ ಅಂದರೆ ಯಾರೂ ಮಾತಾಡಲಿಲ್ಲ, ಅಷ್ಟೇ. ಟವರ್ ಇಲ್ಲದ ಬಹುಪಾಲು ಏರ್‌ಪೋರ್ಟ್‌ಗಳಲ್ಲಿ ಸಣ್ಣ ವಿಮಾನಕ್ಕೆ ರೇಡಿಯೊ ಕಡ್ಡಾಯವೇ ಇಲ್ಲ. ಪೈಪರ್ ಕಬ್‌ನಂಥ ಹಳೆಯ ವಿಮಾನಗಳಲ್ಲಿ ಬ್ಯಾಟರಿ, ಜನರೇಟರ್ ಏನೂ ಇಲ್ಲದವು ಈಗಲೂ ಹಾರುತ್ತಿವೆ, ಅದು ಕಾನೂನುಬದ್ಧ. ರೇಡಿಯೊ ಇರುವವರೂ ತಪ್ಪು ಫ್ರೀಕ್ವೆನ್ಸಿಯಲ್ಲಿ ಇರಬಹುದು, ವಾಲ್ಯೂಮ್ ಕಡಿಮೆ ಮಾಡಿಟ್ಟಿರಬಹುದು, ಇಬ್ಬರು ಒಟ್ಟಿಗೆ ಬಟನ್ ಒತ್ತಿ ಇಬ್ಬರ ಮಾತೂ ಕೇಳದೆ ಹೋಗಬಹುದು.

ಇನ್ನೊಂದು ವಿಷಯ. 122.8 ಮೆಗಾಹರ್ಟ್ಸ್ ತರಹದ ಒಂದೇ ಫ್ರೀಕ್ವೆನ್ಸಿಯನ್ನು ಅಕ್ಕಪಕ್ಕದ ಎಷ್ಟೋ ಏರ್‌ಪೋರ್ಟ್‌ಗಳು ಹಂಚಿಕೊಂಡಿರುತ್ತವೆ. ಅದಕ್ಕೇ ಪ್ರತಿ ಸಲವೂ ಏರ್‌ಪೋರ್ಟ್ ಹೆಸರನ್ನು ಮಾತಿನ ಮೊದಲಲ್ಲೂ ಕೊನೆಯಲ್ಲೂ ಹೇಳಬೇಕು. ರನ್‌ವೇ ನಂಬರ್ ಬಿಡಬೇಡಿ. ಬರುವಾಗ ಹತ್ತು ಮೈಲಿ ದೂರದಿಂದಲೇ ಶುರು ಮಾಡಿ. ಹೇಳುವುದಕ್ಕಿಂತ ಜಾಸ್ತಿ ಕೇಳಿಸಿಕೊಳ್ಳಿ.

ಮಿಡ್‌ವೆಸ್ಟ್_ಮಲೆನಾಡು

ಅಡ್ಡ ಹಾಯುವ ರನ್‌ವೇ ಅಂದಿರಲ್ಲ, ಹಾಗಾದರೆ ಹೊರಡುವ ಮೊದಲು ಇಲಿನಾಯ್‌ನ ಕ್ವಿನ್ಸಿ ಅಪಘಾತದ ವರದಿ ದಯವಿಟ್ಟು ಓದಿ. 1996ರ ನವೆಂಬರ್ 19, ಸಂಜೆ. ಯುನೈಟೆಡ್ ಎಕ್ಸ್‌ಪ್ರೆಸ್‌ನ ಬೀಚ್ 1900 ವಿಮಾನ 12 ಜನರೊಂದಿಗೆ ರನ್‌ವೇ 13ಕ್ಕೆ ಇಳಿಯಲು ಬರುತ್ತಿತ್ತು. ರನ್‌ವೇ 4ರ ಮೇಲೆ ಒಂದು ಕಿಂಗ್ ಏರ್ ವಿಮಾನ ಟೇಕಾಫ್‌ಗೆ ನಿಂತಿತ್ತು, ಅದರ ಹಿಂದೆ ಒಂದು ಪುಟ್ಟ ಪೈಪರ್ ಚೆರೊಕಿ ತನ್ನ ಸರದಿಗೆ ಕಾಯುತ್ತಿತ್ತು.

ಬೀಚ್‌ನವರು ಎಲ್ಲಿದ್ದೇವೆ ಅಂತ ರೇಡಿಯೊದಲ್ಲಿ ಹೇಳುತ್ತಲೇ ಬಂದರು. ಅನುಮಾನ ಬಂದು, ರನ್‌ವೇ 4ರಲ್ಲಿ ಇರುವವರು ಅಲ್ಲೇ ನಿಲ್ಲುತ್ತೀರಾ ಇಲ್ಲ ಹೊರಡುತ್ತೀರಾ ಅಂತ ಬಾಯಿಬಿಟ್ಟು ಕೇಳಿದರು. ಕಿಂಗ್ ಏರ್‌ನಿಂದ ಉತ್ತರವಿಲ್ಲ. ಉತ್ತರ ಕೊಟ್ಟದ್ದು ಹಿಂದಿದ್ದ ಚೆರೊಕಿ, ತಾನು ಕಾಯುತ್ತಿದ್ದೇನೆ ಅಂತ. ಆ ಮಾತಿನ ನಡುವೆಯೇ ಬೀಚ್‌ನ ಕಾಕ್‌ಪಿಟ್‌ನಲ್ಲಿ ನೆಲ ಹತ್ತಿರ ಬಂತು ಅನ್ನುವ ಎಚ್ಚರಿಕೆಯ ಧ್ವನಿ ಮೊಳಗಿತು, ಅರ್ಧ ಮಾತು ಅದರಲ್ಲಿ ಮುಳುಗಿತು. ಕಿಂಗ್ ಏರೇ ಕಾಯುತ್ತದೆ ಅಂದುಕೊಂಡು ಇವರು ಇಳಿದರು. ಚೆರೊಕಿಯೂ ತಿದ್ದಲಿಲ್ಲ. ಕಿಂಗ್ ಏರ್ ಹೊರಟಿತು. ಎರಡು ರನ್‌ವೇ ಸೇರುವ ಜಾಗದಲ್ಲಿ ಡಿಕ್ಕಿಯಾಯಿತು.

ಹತ್ತಿರದಲ್ಲಿದ್ದವರು ಓಡಿ ಹೋದಾಗ ಬೀಚ್‌ನೊಳಗೆ ಜನ ಬದುಕಿದ್ದರು, ಬಾಗಿಲು ತೆಗೆಯಿರಿ ಅಂತ ಕ್ಯಾಪ್ಟನ್ ಒಳಗಿನಿಂದ ಹೇಳುತ್ತಿದ್ದರು. ಬಾಗಿಲು ತೆರೆಯಲೇ ಇಲ್ಲ. ಏರ್‌ಪೋರ್ಟ್‌ನಲ್ಲಿ ಆ ಹೊತ್ತಿಗೆ ಅಗ್ನಿಶಾಮಕ ಸಿಬ್ಬಂದಿ ಇರಲಿಲ್ಲ. ಎರಡೂ ವಿಮಾನ ಸೇರಿ 14 ಜನರೂ ತೀರಿಹೋದರು. ಕಿಂಗ್ ಏರ್‌ನವರು ರೇಡಿಯೊ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಥವಾ ಸುತ್ತ ಸರಿಯಾಗಿ ನೋಡಲಿಲ್ಲ ಎಂಬುದೇ ಮುಖ್ಯ ಕಾರಣ ಅಂತ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಹೇಳಿತು.

ನಿಮ್ಮ ಪ್ರಶ್ನೆಗೆ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಉತ್ತರ ಬಂದರೂ ಅದು ಯಾರಿಂದ ಬಂತು ಅನ್ನೋದು ಗೊತ್ತಾಗಬೇಕು. ಸ್ವಲ್ಪ ಅನುಮಾನ ಇದ್ದರೂ ಇಳಿಯಬೇಡಿ, ಗೋ ಅರೌಂಡ್ ಮಾಡಿ, ಅಂದರೆ ಮತ್ತೆ ಮೇಲೇರಿ.

ದಾವಣಗೆರೆ_ಸೋಲೋ

ಓದಿ ಕೈ ನಡುಗಿತು ಸರ್. ವರದಿ ಇವತ್ತೇ ಹುಡುಕುತ್ತೇನೆ. ನಮ್ಮ ವಿಮಾನದಲ್ಲಿ ಎಡಿಎಸ್-ಬಿ (ವಿಮಾನ ತಾನು ಎಲ್ಲಿದೆ ಅಂತ ತಾನೇ ಬಿತ್ತರಿಸುವ ವ್ಯವಸ್ಥೆ) ಇದೆ, ಐಪ್ಯಾಡ್‌ನಲ್ಲಿ ಸುತ್ತಲಿನ ಟ್ರಾಫಿಕ್ ಕಾಣುತ್ತೆ. ಈಗ ಅಂಥ ಗೊಂದಲ ಕಡಿಮೆ ಅಲ್ವಾ?

ಬೇ_ಏರಿಯಾ_ಟ್ವಿನ್

ಸಹಾಯ ಆಗುತ್ತೆ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. 2020ರಿಂದ ಎಡಿಎಸ್-ಬಿ ಕಡ್ಡಾಯ ಆಗಿರೋದು ದೊಡ್ಡ ಏರ್‌ಪೋರ್ಟ್‌ಗಳ ಸುತ್ತ ಮತ್ತು ಎತ್ತರದ ಕೆಲವು ವಾಯುಪ್ರದೇಶಗಳಲ್ಲಿ ಮಾತ್ರ. ನೀವು ಹೋಗುವಂಥ ಹಳ್ಳಿ ಕಡೆಯ ಸ್ಟ್ರಿಪ್‌ನಲ್ಲಿ ಎದುರಿನವರ ಹತ್ತಿರ ಅದು ಇಲ್ಲದೆ ಇರಬಹುದು, ಆಗ ಪರದೆಯಲ್ಲಿ ಅವರು ಇಲ್ಲವೇ ಇಲ್ಲ.

2022ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಇಬ್ಬರೂ ರೇಡಿಯೊದಲ್ಲಿ ಮಾತಾಡುತ್ತಲೇ ಇದ್ದರು. ಸೆಸ್ನಾ 152 ಸರ್ಕ್ಯೂಟ್‌ನಲ್ಲಿ (ಇಳಿಯಲು ರನ್‌ವೇ ಸುತ್ತ ಹಾರುವ ಹಾದಿ) ಇತ್ತು, ಎರಡು ಎಂಜಿನ್‌ನ ಸೆಸ್ನಾ 340 ಸರ್ಕ್ಯೂಟ್ ಸುತ್ತದೆ ನೇರವಾಗಿ (ಸ್ಟ್ರೇಟ್ ಇನ್) ಫೈನಲ್‌ಗೆ, ಅಂದರೆ ರನ್‌ವೇಗೆ ನೇರ ಇರುವ ಕೊನೆಯ ಹಂತಕ್ಕೆ, ತುಂಬಾ ವೇಗವಾಗಿ ಬಂತು. 152ರ ಪೈಲಟ್ ಅದನ್ನು ಕಂಡು ಗೋ ಅರೌಂಡ್ ಅಂತ ಹೇಳುವ ಹೊತ್ತಿಗೆ ತಡವಾಗಿತ್ತು. ಮೂವರು ತೀರಿಕೊಂಡರು. ನಾನೂ ಟ್ವಿನ್ (ಎರಡು ಎಂಜಿನ್‌ನ ವಿಮಾನ) ಹಾರಿಸುವವನೇ, ನಮ್ಮಂಥವರಿಗೆ ಒಂದು ಮಾತು: ಸರ್ಕ್ಯೂಟ್‌ನಲ್ಲಿ ಕಲಿಯುವವರು ಇದ್ದಾಗ ಐದು ನಿಮಿಷ ಉಳಿಸೋಕೆ ಸ್ಟ್ರೇಟ್ ಇನ್ ಬರಬೇಡಿ, ಬಂದರೂ ವೇಗ ಇಳಿಸಿಕೊಂಡು ಬನ್ನಿ. ಸೋಲೋ ವಿದ್ಯಾರ್ಥಿಗೆ ಮೂರು ಮೈಲಿ ಫೈನಲ್ ಅಂತ ಕೇಳಿಸಿದರೆ ನಿಮ್ಮ ವಿಮಾನದ ವೇಗ ಎಷ್ಟು ಅಂತ ಹೇಗೆ ಗೊತ್ತಾಗಬೇಕು?

ಹುಬ್ಬಳ್ಳಿ_ಸಿಎಫ್‌ಐ

ಸರಿಯಾಗಿ ಹೇಳಿದಿರಿ.

ದಾವಣಗೆರೆಯವರೇ, ನೆಲದ ಮೇಲೆ ಏನು ಮಾಡಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ರನ್‌ವೇಗೆ ಮೊದಲು ನಿಲ್ಲಬೇಕಾದ ಹೋಲ್ಡ್ ಶಾರ್ಟ್ ಗೆರೆಯ ಹಿಂದೆ ನಿಂತಾಗ ವಿಮಾನದ ಮೂಗನ್ನು ಸ್ವಲ್ಪ ಓರೆ ಮಾಡಿ ಫೈನಲ್, ಅದಕ್ಕೆ ಮೊದಲಿನ ಹಂತವಾದ ಬೇಸ್ ಎರಡೂ ಕಾಣುವ ಹಾಗೆ ನಿಲ್ಲಿ. ಸೆಸ್ನಾ 172ರ ರೆಕ್ಕೆ ಮೇಲಿರುವುದರಿಂದ ಆಕಾಶದ ಒಂದು ದೊಡ್ಡ ಪಾಲು ಮುಚ್ಚಿ ಹೋಗುತ್ತೆ, ಜಾಗ ಇದ್ದರೆ ಅಲ್ಲೇ ಪೂರ್ತಿ ಒಂದು ಸುತ್ತು ತಿರುಗಿ ನೋಡಿ. ಎದುರು ತುದಿಯನ್ನೂ ನೋಡಿ, ಗಾಳಿ ಕಡಿಮೆ ಇದ್ದ ದಿನ ಯಾರಾದರೂ ಆ ಕಡೆಯಿಂದ ಇಳಿಯುತ್ತಿರಬಹುದು. ಅಡ್ಡ ರನ್‌ವೇಯ ಎರಡೂ ತುದಿ ನೋಡಿ. ಲ್ಯಾಂಡಿಂಗ್ ಲೈಟ್ ಹಾಕಿ, ಹೇಳಿ, ಹೊರಡಿ. ರನ್‌ವೇ ಮೇಲೆ ಹೋಗಿ ಚೆಕ್‌ಲಿಸ್ಟ್ ಓದುತ್ತ ಕೂರಬೇಡಿ, ಕ್ವಿನ್ಸಿಯ ಕಿಂಗ್ ಏರ್ ಸುಮಾರು ಒಂದು ನಿಮಿಷ ರನ್‌ವೇ ಮೇಲೇ ನಿಂತಿತ್ತು. ಇಳಿದ ಮೇಲೆ ಬಾಲವೂ ಗೆರೆ ದಾಟಿದ ನಂತರವೇ ರನ್‌ವೇ ಬಿಟ್ಟೆ ಅಂತ ಹೇಳಿ.

ಹಿಂದಿನ ರಾತ್ರಿ ಚಾರ್ಟ್ ಸಪ್ಲಿಮೆಂಟ್ (ಏರ್‌ಪೋರ್ಟ್‌ಗಳ ವಿವರ ಇರುವ ಕೈಪಿಡಿ) ತೆಗೆದು ಎರಡೂ ಕಡೆಯ ಸರ್ಕ್ಯೂಟ್ ಎತ್ತರ ಬರೆದುಕೊಳ್ಳಿ, ಯಾವ ರನ್‌ವೇಗಾದರೂ ಬಲ ತಿರುವು ಇದೆಯಾ ನೋಡಿ. ಮ್ಯಾಪ್ ಹಾಕಿದರೆ ಇಲ್ಲೇ ಒಟ್ಟಿಗೆ ನೋಡೋಣ.