ಅಂಗಳದ ಕೆಳಗಿನ ಪೈಪು ಯಾರದು? ಒಳಚರಂಡಿ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದಲ್ಲಿರೋ ಸದಸ್ಯರು ಬಹಳ ದಿನದಿಂದ ಕೇಳ್ತಿದ್ದ ವಿಷಯ ಇದು. ಮನೆಯಿಂದ ರಸ್ತೆಯ ಮೇನ್ ಲೈನಿಗೆ ಹೋಗೋ ಒಳಚರಂಡಿ ಪೈಪು, ಅಂದರೆ ಲ್ಯಾಟರಲ್. ಉತ್ತರ ಕೊಡುವವರು ನಮ್ಮ ಗುಂಪಿನ ಸದಸ್ಯೆ. ಮೈಸೂರಲ್ಲಿ ಸಿವಿಲ್ ಓದಿ, ಈಗ ಕ್ಯಾಲಿಫೋರ್ನಿಯದಲ್ಲಿ ಒಳಚರಂಡಿ ಜಾಲದ ದುರಸ್ತಿ ಕೆಲಸ ಮಾಡ್ತಾರೆ. ಬಾತ್‌ರೂಮ್ ನಲ್ಲಿ ಸೋರುತ್ತೆ ಅನ್ನೋ ಪ್ರಶ್ನೆಗಳನ್ನ ದಯವಿಟ್ಟು ಬೇರೆ ಪೋಸ್ಟಿಗೆ ಹಾಕಿ.

ಪ್ರಶ್ನೆ (ಓಕ್ಲೆಂಡ್): ಮೇಡಂ, ಇಲ್ಲಿ ಹಳೇ ಮನೆ ಒಂದನ್ನ ಕೊಳ್ಳೋಣ ಅಂತಿದ್ದೀವಿ. ಏಜೆಂಟ್ ಈಗ ಹೇಳ್ತಾರೆ, ಲ್ಯಾಟರಲ್ ಸರ್ಟಿಫಿಕೇಟ್ ಇಲ್ಲ, ಅದಿಲ್ಲದೆ ಮಾರಾಟ ಮುಗಿಯಲ್ಲ ಅಂತ. ಟಾಯ್ಲೆಟ್ ಎಲ್ಲಾ ಸರಾಗವಾಗಿ ಹೋಗ್ತಿದೆ. ಚೆನ್ನಾಗಿರೋ ಪೈಪಿಗೆ ನಾವ್ಯಾಕೆ ದುಡ್ಡು ಸುರಿಯಬೇಕು?

ಉತ್ತರ: ಸರಾಗವಾಗಿ ಹೋಗ್ತಿದೆ ಅಂದಮಾತ್ರಕ್ಕೆ ಪೈಪು ಚೆನ್ನಾಗಿದೆ ಅಂತಲ್ಲ. ಆ ಕಾಲದ ಮನೆಗಳಿಗೆ ಹಾಕಿರೋದು ಬಹುತೇಕ ಸುಟ್ಟ ಜೇಡಿಮಣ್ಣಿನ ಪೈಪು, ನಮ್ಮೂರಲ್ಲಿ ಸ್ಟೋನ್‌ವೇರ್ ಅಂತೀವಲ್ಲ, ಅದೇ. ಎರಡ್ಮೂರು ಅಡಿಗೊಂದು ಜಾಯಿಂಟು. ಜಾಯಿಂಟಿನ ಗಾರೆ ಉದುರಿ, ಅಲ್ಲಿಂದ ಮರದ ಬೇರು ಒಳಗೆ ನುಗ್ಗಿರುತ್ತೆ. ಬೇಸಿಗೆಯಲ್ಲಿ ನಿಮಗೆ ಏನೂ ಗೊತ್ತಾಗಲ್ಲ. ಮಳೆಗಾಲದಲ್ಲಿ ನೆಲ ನೆನೆದಾಗ ಅದೇ ಬಿರುಕಿಂದ ನೀರು ಒಳಗೆ ಬರುತ್ತೆ. ನಿಮ್ಮ ಒಂದು ಮನೆಯಿಂದ ಬರೋದು ಅಲ್ಪ, ಸಾವಿರಾರು ಮನೆಯಿಂದ ಬಂದರೆ ಮೇನ್ ಲೈನ್ ತುಂಬಿ ಮ್ಯಾನ್‌ಹೋಲ್ ಉಕ್ಕುತ್ತೆ, ಕೊಳಚೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಸೇರುತ್ತೆ.

ಈ ತಕರಾರು ಕೋರ್ಟಿಗೆ ಹೋಗಿತ್ತು. 2014ರಲ್ಲಿ ಕೇಂದ್ರದ ಪರಿಸರ ಸಂಸ್ಥೆ ಇಪಿಎ, ಓಕ್ಲೆಂಡ್ ಸುತ್ತಲಿನ ನೀರು ಮತ್ತು ಕೊಳಚೆ ಶುದ್ಧೀಕರಣ ನೋಡಿಕೊಳ್ಳೋ ಸಂಸ್ಥೆ ಈಸ್ಟ್ ಬೇ ಮಡ್ (EBMUD) ಮತ್ತು ಅದಕ್ಕೆ ಕೊಳಚೆ ಕಳಿಸೋ ಏಳು ಸ್ಥಳೀಯ ಸಂಸ್ಥೆಗಳ ನಡುವೆ ಒಪ್ಪಂದದ ಡಿಕ್ರಿ ಆಯ್ತು. ಓಕ್ಲೆಂಡ್, ಬರ್ಕ್ಲಿ, ಅಲಮೇಡ, ಆಲ್ಬನಿ, ಎಮರಿವಿಲ್, ಪೀಡ್ಮಾಂಟ್, ಜೊತೆಗೆ ಸ್ಟೀಜ್ ಸ್ಯಾನಿಟರಿ ಡಿಸ್ಟ್ರಿಕ್ಟ್. ಜೋರು ಮಳೆಯಲ್ಲಿ ಅರ್ಧಂಬರ್ಧ ಶುದ್ಧ ಮಾಡಿ ಕೊಲ್ಲಿಗೆ ಬಿಡೋದನ್ನ 2036ರೊಳಗೆ ನಿಲ್ಲಿಸಬೇಕು. ಸಿಟಿ ತನ್ನ ಮೇನ್ ಲೈನ್ ಸರಿಮಾಡಿದ್ರೆ ಮಾತ್ರ ಇದು ಆಗಲ್ಲ. ಮೇನ್ ಬಿಗಿಯಾದರೆ ನೆಲದ ನೀರು ಹಾಗೇ ಮೇಲೇರಿ ಪಕ್ಕದ ಲ್ಯಾಟರಲ್‌ನ ಬಿರುಕು ಹುಡುಕಿಕೊಳ್ಳುತ್ತೆ. ಅದಕ್ಕೇ ಖಾಸಗಿ ಪೈಪಿಗೂ ಕೈ ಹಾಕಿದ್ದು.

ನಿಮ್ಮ ವಿಷಯಕ್ಕೆ ಬಂದರೆ: ಮನೆ ಮಾರುವಾಗ, 1 ಲಕ್ಷ ಡಾಲರ್ ಮೀರಿದ ರಿಮಾಡೆಲಿಂಗ್ ಮಾಡುವಾಗ, ನೀರಿನ ಮೀಟರಿನ ಸೈಜ್ ಬದಲಿಸುವಾಗ ಸರ್ಟಿಫಿಕೇಟ್ ಬೇಕು. ಪೂರ್ತಿ ಹೊಸ ಪೈಪ್ ಹಾಕಿಸಿದರೆ 20 ವರ್ಷ ನಡೆಯುತ್ತೆ, ರಿಪೇರಿ ಮಾಡಿಸಿ ಅಥವಾ ಇದ್ದಹಾಗೇ ಪಾಸಾದರೆ 7 ವರ್ಷ. ಕ್ಯಾಮೆರಾ ವಿಡಿಯೊ ತೋರಿಸಿದರೆ ಸಾಲದು, ಇನ್‌ಸ್ಪೆಕ್ಟರ್ ಎದುರಿಗೆ ಗಾಳಿ ಇಲ್ಲವೇ ನೀರು ತುಂಬಿ ಪರೀಕ್ಷೆ ಆಗಬೇಕು. ಪ್ಲಂಬರ್ ಕೆಳತುದಿಗೆ ರಬ್ಬರ್ ಬಲೂನು ಹಾಕಿ ಉಬ್ಬಿಸಿ ಮುಚ್ತಾನೆ, ಕ್ಲೀನೌಟ್‌ವರೆಗೆ, ಅಂದರೆ ಪೈಪ್ ಸ್ವಚ್ಛ ಮಾಡೋಕೆ ಅಂತ ನೆಲಮಟ್ಟದಲ್ಲಿ ಬಿಟ್ಟಿರೋ ಬಾಯಿವರೆಗೆ, ನೀರು ತುಂಬಿಸ್ತಾನೆ, ಎಲ್ಲರೂ ಆ ಬಾಯಿಯೊಳಗೆ ಬಗ್ಗಿ ನೋಡ್ತಾ ನಿಲ್ಲೋದು. ಹಳೇ ಪೈಪಾದರೆ ಮಟ್ಟ ಕಣ್ಣೆದುರೇ ಇಳಿಯುತ್ತೆ.

ಮಾರಾಟದೊಳಗೆ ಕೆಲಸ ಮುಗಿಯದಿದ್ದರೆ 4,500 ಡಾಲರ್ ಎಸ್ಕ್ರೋದಲ್ಲಿ, ಅಂದರೆ ಮೂರನೆಯವರ ಬಳಿಯ ಠೇವಣಿಯಲ್ಲಿ, ಇಟ್ಟು 180 ದಿನ ಸಮಯ ಪಡೆಯಬಹುದು. ಆದರೆ ಆ ಹಣಕ್ಕೇ ಕೆಲಸ ಮುಗಿಯುತ್ತೆ ಅಂದ್ಕೋಬೇಡಿ. ರಸ್ತೆ ಅಗೆಯಬೇಕಾದರೆ ಹತ್ತು ಸಾವಿರ ದಾಟೋದು ಅಪರೂಪವೇನಲ್ಲ. ಬೆಲೆ ಮಾತಾಡುವಾಗಲೇ ಇದನ್ನ ಮಾರುವವರ ತಲೆಗೆ ಹಾಕಿ.

ಪ್ರಶ್ನೆ (ಸ್ಯಾನ್ ಹೋಸೆ): ನಮ್ಮಲ್ಲಿ ಈ ಸರ್ಟಿಫಿಕೇಟ್ ಹೆಸರನ್ನೇ ಕೇಳಿಲ್ಲ. ಫುಟ್‌ಪಾತ್ ಹತ್ತಿರ ಬ್ಲಾಕ್ ಆದಾಗ ಸಿಟಿಯವರೇ ಬಂದು ತೆಗೆದರು. ಒಂದು ಗಂಟೆ ದೂರದ ಊರಲ್ಲಿ ಇಷ್ಟು ವ್ಯತ್ಯಾಸವೇ?

ಉತ್ತರ: ಹೌದು, ಊರಿಗೊಂದು ಕಾನೂನು. ಸ್ಯಾನ್ ಹೋಸೆಯಲ್ಲಿ ಪ್ರಾಪರ್ಟಿ ಲೈನಿನ ಕ್ಲೀನೌಟ್ ಇದ್ದರೆ ಅಲ್ಲಿಂದ ಮೇನ್‌ವರೆಗೆ ಸಿಟಿ ನೋಡಿಕೊಳ್ಳುತ್ತೆ, ಮನೆ ಕಡೆಯದ್ದು ನಿಮ್ಮದು. ಓಕ್ಲೆಂಡಲ್ಲಿ ಮೇನ್‌ಗೆ ಸೇರೋ ತುದಿವರೆಗೂ ಮಾಲೀಕರದ್ದೇ. ಅಮೆರಿಕದಲ್ಲಿ ಒಳಚರಂಡಿ ಸಂಸ್ಥೆಗಳು ಸಾವಿರಾರು, ಪ್ರತಿಯೊಂದಕ್ಕೂ ಅದರದ್ದೇ ನಿಯಮಾವಳಿ. ಇಂಜಿನಿಯರ್‌ಗಳಿಗೆ ದೊಡ್ಡ ತಲೆನೋವು ಇದೇ.

ಪ್ರಶ್ನೆ (ಮಿಲ್ವಾಕಿ ಹತ್ತಿರದ ಊರು): ಅಕ್ಕ, ನಮ್ಮ ವಿಲೇಜಿಂದ ಕಾಗದ ಬಂದಿದೆ. ನಿಮ್ಮ ಲ್ಯಾಟರಲ್ ಸರಿಮಾಡಿಕೊಡ್ತೀವಿ, ಬಹುಪಾಲು ಖರ್ಚು ನಮ್ಮದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅಂತ. ಪುಕ್ಕಟೆ ಅಂದರೆ ಅನುಮಾನ ಬರುತ್ತೆ. ಸಹಿ ಹಾಕಲೇ?

ಉತ್ತರ: ಕಾಗದದ ಮೇಲಿರೋ ಫೋನ್ ನಂಬರನ್ನ ನಂಬದೆ ವಿಲೇಜ್ ಕಚೇರಿಗೆ ನೀವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ನಿಜವಾದದ್ದಾದರೆ ಸಹಿ ಹಾಕಿ. 2010ರ ಜುಲೈನಲ್ಲಿ ಮಿಲ್ವಾಕಿಯಲ್ಲಿ ಭಾರಿ ಮಳೆ ಬಿದ್ದು ಅಸಂಖ್ಯ ಮನೆಗಳ ಬೇಸ್‌ಮೆಂಟಿಗೆ ಕೊಳಚೆ ನುಗ್ಗಿತು. ಅದೇ ವರ್ಷ ಅಲ್ಲಿನ ಮಹಾನಗರ ಒಳಚರಂಡಿ ಸಂಸ್ಥೆ ಎಂಎಂಎಸ್‌ಡಿ, ಖಾಸಗಿ ಜಾಗದಿಂದ ಬರೋ ಮಳೆನೀರು ತಗ್ಗಿಸೋಕೆ ಅಂತಲೇ ಹಣ ತೆಗೆದಿಡೋ ಕಾರ್ಯಕ್ರಮ ಶುರುಮಾಡಿತು. ತನ್ನ ವ್ಯಾಪ್ತಿಯ 28 ಊರುಗಳಿಗೆ ಹಣ ಕೊಡುತ್ತೆ, ಯಾವ ಬೀದಿಯಲ್ಲಿ ಯಾವ ಕೆಲಸ ಅನ್ನೋದನ್ನ ಊರು ಆರಿಸುತ್ತೆ. ಅಲ್ಲಿ ಈಗಾಗಲೇ ನೆಲದಾಳದ ದೊಡ್ಡ ಸುರಂಗ ಇದೆ, ಮಳೆ ಬಂದಾಗ ಕೊಳಚೆ ಹಿಡಿದಿಡೋದಕ್ಕೆ. ಇನ್ನೊಂದು ಸುರಂಗ ಕೊರೆಯೋದಕ್ಕಿಂತ ನಿಮ್ಮ ಅಂಗಳದ ಪೈಪ್ ಸರಿಮಾಡೋದು ಅಗ್ಗ ಅನ್ನೋ ಲೆಕ್ಕ. ಹಾಗಾಗಿ ಪುಕ್ಕಟೆ ಅಲ್ಲ, ಅವರಿಗೂ ಲಾಭವಿದೆ.

ಸಹಿ ಹಾಕೋ ಮೊದಲು ಎರಡು ವಿಷಯ ಕೇಳಿ. ಹುಲ್ಲು, ಡ್ರೈವ್‌ವೇ ಅಗೆದದ್ದನ್ನ ಮೊದಲಿದ್ದಹಾಗೆ ಮಾಡಿಕೊಡೋದು ಯಾರ ಹೊಣೆ? ಮುಗಿದ ಮೇಲೆ ಪೈಪು ಯಾರದ್ದು? ಸಾಮಾನ್ಯವಾಗಿ ಅದು ನಿಮ್ಮದಾಗೇ ಉಳಿಯುತ್ತೆ. ಇನ್ನೊಂದು, ಅಲ್ಲಿನ ಹಳೇ ಮನೆಗಳಲ್ಲಿ ಅಡಿಪಾಯದ ಸುತ್ತ ಹಾಕಿದ ಡ್ರೈನ್ ನೇರ ಒಳಚರಂಡಿಗೆ ಸೇರಿರುತ್ತೆ. ಅದನ್ನ ಕಿತ್ತು ಸಂಪ್ ಪಂಪ್ (ಬೇಸ್‌ಮೆಂಟಿನ ಗುಂಡಿಯಲ್ಲಿ ಸೇರಿದ ನೀರನ್ನ ಹೊರಗೆತ್ತೋ ಪಂಪು) ಹಾಕ್ತೀವಿ ಅಂದರೆ ಆ ನೀರು ಎಲ್ಲಿ ಬಿಡ್ತಾರೆ ನೋಡಿ. ಪಕ್ಕದ ಮನೆಯವರ ಗೋಡೆ ಬುಡಕ್ಕೆ ಬಿಟ್ಟರೆ ಚಳಿಗಾಲದಲ್ಲಿ ಐಸ್, ಬೇಸಿಗೆಯಲ್ಲಿ ಜಗಳ.

ಪ್ರಶ್ನೆ (ಮಿಡ್‌ವೆಸ್ಟ್‌ನ ಸಣ್ಣ ಊರು): ನಮಸ್ಕಾರ ಮೇಡಂ, ನಾನು ಒಂದು ಸಣ್ಣ ಸಿಟಿಯ ಒಳಚರಂಡಿ ವಿಭಾಗದಲ್ಲಿ ಜೂನಿಯರ್ ಇಂಜಿನಿಯರ್. ಇಡೀ ವಿಭಾಗಕ್ಕೆ ನಾವು ನಾಲ್ಕು ಜನ. ಲ್ಯಾಟರಲ್ ದುರಸ್ತಿ ಕಾರ್ಯಕ್ರಮದ ಕರಡು ಮಾಡಿಕೊಡು ಅಂತ ಬಾಸ್ ಹೇಳಿದ್ದಾರೆ. ಕನ್ಸಲ್ಟೆಂಟ್‌ಗೆ ಬಜೆಟ್ ಇಲ್ಲ. ದೊಡ್ಡ ಊರಿನವರು ತಮ್ಮ ದಾಖಲೆ ಕೊಡ್ತಾರಾ? ಎಲ್ಲಿಂದ ಶುರುಮಾಡಲಿ?

ಉತ್ತರ: ಈ ಪ್ರಶ್ನೆಗಾಗೇ ನಾನು ಈ ವಾರ ಒಪ್ಪಿಕೊಂಡಿದ್ದು ಅಂತ ಇಟ್ಕೊಳ್ಳಿ. ಕೊಡ್ತಾರೆ, ಧಾರಾಳವಾಗಿ ಕೊಡ್ತಾರೆ. ನೀರು ಒಳಚರಂಡಿ ಸಂಸ್ಥೆಗಳು ಒಂದಕ್ಕೊಂದು ಪೈಪೋಟಿ ಮಾಡುವಂಥವಲ್ಲ, ನಿಮ್ಮ ಊರಿನ ಗಿರಾಕಿಯನ್ನ ಪಕ್ಕದ ಊರು ಕಸಿದುಕೊಳ್ಳೋದಿಲ್ಲ. ಅದೂ ಅಲ್ಲದೆ ಇವು ಸಾರ್ವಜನಿಕ ದಾಖಲೆಗಳು. ಈ ಕ್ಷೇತ್ರದ ವೃತ್ತಿಪರರ ಸಂಘ ವಾಟರ್ ಎನ್ವಿರಾನ್‌ಮೆಂಟ್ ಫೆಡರೇಷನ್ ಖಾಸಗಿ ಜಾಗದ ಒಳಚರಂಡಿಗೆಂದೇ ಒಂದು ಆನ್‌ಲೈನ್ ಗ್ರಂಥಾಲಯ ಕಟ್ಟಿದೆ. ಬೇರೆ ಬೇರೆ ಊರಿನ ಅನುಭವ ಒಂದೆಡೆ ಸಿಗಲಿ ಅನ್ನೋದೇ ಅದರ ಉದ್ದೇಶ. ಅಲ್ಲಿಂದ ಶುರುಮಾಡಿ. ಆಮೇಲೆ ನಿಮ್ಮದೇ ರಾಜ್ಯದ ಎರಡು ಊರಿಗೆ ಫೋನ್ ಮಾಡಿ. ಇಮೇಲ್ ಬೇಡ, ಫೋನ್. ಏನು ಕೆಟ್ಟಿತು ಅನ್ನೋದನ್ನ ಯಾರೂ ಬರೆದು ಕಳಿಸಲ್ಲ, ಬಾಯಲ್ಲಿ ಹೇಳ್ತಾರೆ.

ಯಾವುದನ್ನ ಎರವಲು ತರಬಹುದು, ಯಾವುದನ್ನ ತರಬಾರದು ಅನ್ನೋದರಲ್ಲಿ ಎಲ್ಲರೂ ಎಡವೋದು. ಕಣ್ಮುಚ್ಚಿ ತರಬಹುದಾದದ್ದು ಮನೆಯವರಿಗೆ ಬರೆಯೋ ಕಾಗದ, ಬಾಗಿಲಿಗೆ ನೇತುಹಾಕೋ ಕಾರ್ಡು, ಹೊಗೆ ಪರೀಕ್ಷೆಯ ನೋಟೀಸು. ಹೊಗೆ ಪರೀಕ್ಷೆ ಗೊತ್ತಲ್ಲ, ಮ್ಯಾನ್‌ಹೋಲಿಗೆ ಬ್ಲೋವರ್ ಇಟ್ಟು ಹೊಗೆ ಊದೋದು. ಛಾವಣಿಯ ಮಳೆನೀರಿನ ಪೈಪಿಂದಲೋ ಹುಲ್ಲಿನ ನಡುವಿಂದಲೋ ಬೆಳ್ಳಗೆ ಹೊಗೆ ಎದ್ದರೆ ಅಲ್ಲಿ ಮಳೆನೀರು ಒಳಚರಂಡಿಗೆ ಇಳಿಯೋ ದಾರಿ ಇದೆ ಅಂತ. ಬಳಸದ ಫ್ಲೋರ್ ಡ್ರೈನಿಗೆ ಮುಂಚೆಯೇ ಒಂದು ಬಕೆಟ್ ನೀರು ಸುರಿಯಿರಿ ಅನ್ನೋ ಒಂದು ಸಾಲು ನೋಟೀಸಲ್ಲಿ ಇರಲೇಬೇಕು. ಇಲ್ಲದಿದ್ದರೆ ಒಣಗಿದ ಟ್ರ್ಯಾಪಿಂದ (ನೀರು ನಿಂತು ಗಾಳಿ ತಡೆಯೋ ಪೈಪಿನ ಬಾಗು) ಹೊಗೆ ಮನೆಯೊಳಗೆ ಬಂದು ಜನ ಫೈರ್ ಇಂಜಿನ್ ಕರೀತಾರೆ. ಈ ಸಾಲು ಬೇರೆ ಊರಿನವರು ಪಟ್ಟ ಪಾಡಿಂದ ಬಂದದ್ದು, ನೀವೂ ಅದನ್ನ ಪಟ್ಟು ಕಲಿಯೋ ಅಗತ್ಯವಿಲ್ಲ.

ಟೆಂಡರ್ ದಾಖಲೆ, ಪೈಪ್ ಬರ್ಸ್ಟಿಂಗ್ (ಹಳೇ ಪೈಪ್ ಒಡೆಯುತ್ತಾ ಅದೇ ಜಾಗದಲ್ಲಿ ಹೊಸದನ್ನ ಎಳೆಯೋದು) ಮತ್ತು ಲೈನಿಂಗ್‌ನ (ಹಳೇ ಪೈಪಿನೊಳಗೆ ಹೊಸ ಪದರ ಹಾಕೋದು) ಸ್ಪೆಸಿಫಿಕೇಷನ್ ಕೂಡ ಸ್ವಲ್ಪ ತಿದ್ದಿ ಬಳಸಬಹುದು. ಕ್ಯಾಮೆರಾ ತಪಾಸಣೆಗೆ ನಾಸ್ಕೋ ಸಂಸ್ಥೆಯ ಲ್ಯಾಟರಲ್ ಕೋಡ್, ಎಲ್‌ಎಸಿಪಿ ಅಂತಾರೆ, ಅದನ್ನೇ ಹಿಡೀರಿ. ನಿಮ್ಮ ಊರಿನ ಬಿರುಕಿಗೂ ಪಕ್ಕದ ಊರಿನ ಬಿರುಕಿಗೂ ಒಂದೇ ಕೋಡ್ ಇದ್ದರೆ ಮುಂದೆ ಹೋಲಿಸಿ ನೋಡೋಕಾಗುತ್ತೆ.

ತರಬಾರದ್ದು ಕಾನೂನಿನ ಭಾಗ ಮತ್ತು ಹಣದ ಭಾಗ. ಸಾರ್ವಜನಿಕ ಹಣವನ್ನ ಖಾಸಗಿ ಆಸ್ತಿ ಮೇಲೆ ಖರ್ಚು ಮಾಡಬಹುದಾ ಅನ್ನೋದಕ್ಕೆ ಪ್ರತಿ ರಾಜ್ಯದ ಉತ್ತರ ಬೇರೆ. ಕ್ಯಾಲಿಫೋರ್ನಿಯದ ಸಂವಿಧಾನ ಸಾರ್ವಜನಿಕ ಹಣವನ್ನ ಖಾಸಗಿಯವರಿಗೆ ದಾನ ಕೊಡೋದನ್ನ ನಿಷೇಧಿಸುತ್ತೆ, ಮೇಲೆ ಸ್ಥಳೀಯ ತೆರಿಗೆ, ಶುಲ್ಕಗಳಿಗೆ ಕಡಿವಾಣ ಹಾಕೋ 1996ರ ಪ್ರೊಪೊಸಿಷನ್ 218 ಬೇರೆ. ಅದರಿಂದ ಇಲ್ಲಿ ಹಣ ಕೊಡೋ ಕಡೆಯೆಲ್ಲ ಇದರಿಂದ ಇಡೀ ಜಾಲಕ್ಕೆ ಏನು ಉಪಯೋಗ ಅನ್ನೋದನ್ನ ಮೊದಲೇ ಬರೆದಿಟ್ಟುಕೊಳ್ತಾರೆ. ಮಿಲ್ವಾಕಿಯ ಆರ್ಡಿನೆನ್ಸ್ ತಂದು ಹೆಸರು ಬದಲಿಸಿ ಕೌನ್ಸಿಲ್ ಮುಂದಿಟ್ಟರೆ ನಿಮ್ಮ ವಕೀಲರು ಮೊದಲ ಪುಟದಲ್ಲೇ ನಿಲ್ಲಿಸ್ತಾರೆ.

ಕಾರ್ಯಕ್ರಮದ ಸ್ವರೂಪದಲ್ಲೂ ಒಂದೇ ದಾರಿ ಇಲ್ಲ. ಓಕ್ಲೆಂಡ್ ಕಡೆಯದ್ದು ಕಡ್ಡಾಯ, ಖರ್ಚು ಮಾಲೀಕರದು. ಮಿಲ್ವಾಕಿ ಹಣ ಕೊಟ್ಟು ಒಪ್ಪಿಸುತ್ತೆ. ಮಿನಿಯಾಪೊಲಿಸ್ ಪಕ್ಕದ ಗೋಲ್ಡನ್ ವ್ಯಾಲಿಯಲ್ಲಿ 2007ರಿಂದ ಮನೆ ಮಾರುವಾಗ ತಪಾಸಣೆ. ಅದೇ ವರ್ಷ ಆ ಭಾಗದ ಮೆಟ್ರೊಪಾಲಿಟನ್ ಕೌನ್ಸಿಲ್, ಮಳೆಯಲ್ಲಿ ಮಿತಿ ಮೀರಿ ಕೊಳಚೆ ಕಳಿಸೋ ಊರುಗಳ ಮೇಲೆ ಹೆಚ್ಚುವರಿ ಶುಲ್ಕ ಹಾಕೋಕೆ ಶುರುಮಾಡಿತ್ತು, ಅದರ ಬಿಸಿಯೂ ಇತ್ತು. ನನ್ನ ಅಭಿಪ್ರಾಯ ಕೇಳಿದರೆ, ಮಾರಾಟದ ವೇಳೆ ಹಿಡಿಯೋದು ರಾಜಕೀಯವಾಗಿ ಸುಲಭ, ಕೈಯಲ್ಲಿ ದುಡ್ಡು ಓಡಾಡ್ತಿರುತ್ತೆ. ಆದರೆ ಫಲಿತಾಂಶ ಬಹಳ ನಿಧಾನ. ಒಂದು ಬೀದಿಯಲ್ಲಿ ಒಂದು ಮನೆ ಈ ವರ್ಷ, ಇನ್ನೊಂದು ಹತ್ತು ವರ್ಷಕ್ಕೆ. ಸಣ್ಣ ಊರಿಗೆ, ಅತಿ ಹೆಚ್ಚು ಸೋರೋ ಒಂದೆರಡು ಬಡಾವಣೆ ಹಿಡಿದು, ಮೇನ್ ಲೈನ್ ಕೆಲಸದ ಜೊತೆಗೇ ಎಲ್ಲ ಲ್ಯಾಟರಲ್ ಒಬ್ಬನೇ ಕಂಟ್ರಾಕ್ಟರ್ ಕೈಲಿ ಮಾಡಿಸೋದು ವಾಸಿ. ಯಂತ್ರ ಒಮ್ಮೆ ಬಂದರೆ ಸಾಕು, ರೇಟೂ ಇಳಿಯುತ್ತೆ.

ಕೆಲಸಕ್ಕೆ ಮೊದಲು ಕನಿಷ್ಠ ಒಂದು ಮಳೆಗಾಲ ಪೈಪಿನ ಹರಿವು ಅಳೆಯೋ ಫ್ಲೋ ಮೀಟರ್ ಇಡಿ. ಪಕ್ಕದಲ್ಲೇ ಏನೂ ಮಾಡದ ಬಡಾವಣೆಯಲ್ಲೂ ಒಂದು ಇಡಿ. ಅದಿಲ್ಲದಿದ್ದರೆ ಮುಂದಿನ ವರ್ಷ ಮಳೆಯೇ ಕಮ್ಮಿ ಬಂದು, ನೋಡಿ ನಮ್ಮ ಕಾರ್ಯಕ್ರಮ ಗೆದ್ದಿತು ಅಂತ ಕೌನ್ಸಿಲ್‌ಗೆ ಸ್ಲೈಡ್ ತೋರಿಸ್ತೀರಿ. ಅಂಥ ಸ್ಲೈಡ್‌ಗಳನ್ನ ನಾನು ಸಮ್ಮೇಳನಗಳಲ್ಲಿ ಸಾಕಷ್ಟು ನೋಡಿದ್ದೀನಿ. ನೀರು ಕಮ್ಮಿಯಾಗದಿದ್ದರೂ ಅದನ್ನ ಹಂಚಿಕೊಳ್ಳಿ. ಮುಂದಿನ ಊರಿನವರಿಗೆ ಅದೇ ಹೆಚ್ಚು ಉಪಯೋಗ.

ಪ್ರಶ್ನೆ (ಬೆಂಗಳೂರು): ತಾಯಿ, ನಾನು ನಿವೃತ್ತ, ಜಯನಗರ. ಇಲ್ಲಿ ಜೋರು ಮಳೆ ಬಂದರೆ ರಸ್ತೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕುಣಿಯುತ್ತೆ. ನಮಗೂ ಇಂಥ ಕಾರ್ಯಕ್ರಮ ಆಗುತ್ತದೆಯೇ?

ಉತ್ತರ: ಸರ್, ಅಲ್ಲಿ ಪೈಪಿನ ಬಿರುಕಿಗಿಂತ ಮೊದಲು ನೋಡಬೇಕಾದ್ದು ಛಾವಣಿ ಮತ್ತು ಅಂಗಳದ ಮಳೆನೀರನ್ನ ನೇರ ಯುಜಿಡಿಗೆ ಬಿಟ್ಟಿರೋದು. ಅದನ್ನ ಬಿಡಿಸೋಕೆ ಅಗೆಯೋದೇ ಬೇಡ, ಒಂದು ಪಿವಿಸಿ ಬೆಂಡು ಸಾಕು. ಹೇಗೂ 2009ರ ನಿಯಮದಂತೆ 60x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ನಿಮ್ಮ ಬೀದಿಯಲ್ಲಿ ಮೊದಲು ಎಲ್ಲರ ಮಳೆನೀರಿನ ಪೈಪು ಎಲ್ಲಿಗೆ ಹೋಗುತ್ತೆ ಅಂತ ನೋಡಿ. ನಿಮ್ಮದರಿಂದಲೇ ಶುರುಮಾಡಿ, ಬೇಜಾರಾಗಬೇಡಿ.

ಪ್ರಶ್ನೆ (ಡಲ್ಲಾಸ್): ಪೋಸ್ಟಲ್ಲಿ ಆಗಾಗ ಬರುತ್ತೆ, ತಿಂಗಳಿಗೆ ಇಷ್ಟು ಕಟ್ಟಿದರೆ ಸ್ಯೂಯರ್ ಲೈನ್ ವಾರಂಟಿ ಅಂತ. ತಗೋಬಹುದಾ?

ಉತ್ತರ: ಮೊದಲೇ ಇದ್ದ ದೋಷಕ್ಕೆ ಸಾಮಾನ್ಯವಾಗಿ ಕೊಡಲ್ಲ, ಮಿತಿ ಎಷ್ಟು, ರಸ್ತೆ ಕೆಳಗಿನ ಭಾಗ ಸೇರಿದೆಯಾ ಓದಿ. ಅದಕ್ಕೂ ಮೊದಲು ಪ್ಲಂಬರ್ ಕರೆದು ಒಮ್ಮೆ ಕ್ಯಾಮೆರಾ ಹಾಕಿಸಿ. ಪ್ಲಾಸ್ಟಿಕ್ ಪೈಪು ಅಂತ ಗೊತ್ತಾದರೆ ಆ ಕಾಗದವನ್ನ ರೀಸೈಕಲ್ ಡಬ್ಬಿಗೆ ಹಾಕಿ.

ಮತ್ತೆ (ಮಿಡ್‌ವೆಸ್ಟ್‌ನ ಸಣ್ಣ ಊರು): ಮೇಡಂ, ಬಹಳ ಥ್ಯಾಂಕ್ಸ್. ಇನ್ನೊಂದೇ ಒಂದು. ಒಪ್ಪಿಗೆ ಪತ್ರಕ್ಕೆ ಗಂಡ ಹೆಂಡತಿಯಲ್ಲಿ ಒಬ್ಬರ ಸಹಿ ಸಾಕಾ? ಬಾಡಿಗೆ ಮನೆಯಾದರೆ?

ಉತ್ತರ: ಟೈಟಲ್‌ನಲ್ಲಿ ಯಾರ್ಯಾರ ಹೆಸರಿದೆಯೋ ಅವರೆಲ್ಲರ ಸಹಿ ತಗೊಳ್ಳಿ. ಬಾಡಿಗೆ ಮನೆಗೆ ಮಾಲೀಕರ ಸಹಿ, ಆದರೆ ನೋಟೀಸು ಬಾಡಿಗೆದಾರರ ಕೈಗೂ ಹೋಗಬೇಕು. ಆ ದಿನ ನೀರು ಬಳಸಬೇಡಿ ಅಂತ ಗೊತ್ತಾಗಬೇಕಾದ್ದು ಅವರಿಗೇ. ಕೊನೇ ಸಲ ನಿಮ್ಮ ವಕೀಲರಿಗೆ ತೋರಿಸಿ ಕಳಿಸಿ. ಕರಡು ಆದಮೇಲೆ ನನಗೂ ಒಂದು ಪ್ರತಿ ಹಾಕಿ, ನಮ್ಮ ಕಡೆಯ ಸಣ್ಣ ಡಿಸ್ಟ್ರಿಕ್ಟ್ ಒಂದು ಇದನ್ನೇ ಕೇಳ್ತಿದೆ.