ಅಮೆಜಾನ್ ಕಾಡಿನ ಮಣ್ಣಿನಲ್ಲಿ ಸತ್ವ ಇಲ್ಲ ಅಂದರೆ ಮರಗಳು ಏನು ತಿಂದು ಬೆಳೆದವು?

ಪಾಠದಮೇಜು:
ಒಂಬತ್ತನೇ ಕ್ಲಾಸಿಗೆ ಭೂಗೋಳ ಹೇಳಿಕೊಡುತ್ತೇನೆ. ಮೊನ್ನೆ ಅಮೆಜಾನ್ ಪಾಠದಲ್ಲಿ ‘ಅಲ್ಲಿನ ಮಣ್ಣು ಸತ್ವ ಇಲ್ಲದ್ದು’ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಈ ಮೇಲಿನ ಪ್ರಶ್ನೆ ಕೇಳಿದಳು. ಸುಮ್ನೆ ನಕ್ಕು ಪುಟ ತಿರುಗಿಸಿದೆ. ನಾಚಿಕೆ ಆಯಿತು. ಗೊತ್ತಿರುವವರು ಬಿಡಿಸಿ ಹೇಳುತ್ತೀರಾ?

ಹಸಿರೆಲೆ:
ಎಲೆ ಬೀಳುತ್ತದೆ, ಕೊಳೆಯುತ್ತದೆ, ಅದೇ ಗೊಬ್ಬರ. ಇದರಲ್ಲೇನಿದೆ ಮೇಡಂ?

ದೋಣಿಸವಾರ:
ಅಷ್ಟು ಸಲೀಸಲ್ಲ ಸಾರ್. ಎಲೆ ಎಲ್ಲ ಕಾಡಿನಲ್ಲೂ ಬೀಳುತ್ತದಲ್ವಾ?

ಬ್ರೆಜಿಲ್‌ನ ಮನೌಸ್‌ನಲ್ಲಿ, ಒಂದು ಕಾರ್ಖಾನೆ ಕೆಲಸಕ್ಕೆ ಅಂತ ಎರಡು ವರ್ಷ ಇದ್ದೆ. ನಾನು ಮಣ್ಣಿನ ತಜ್ಞ ಅಲ್ಲ, ಭಾನುವಾರ ಬಂದರೆ ದೋಣಿ ಹತ್ತುತ್ತಿದ್ದವನು. ಒಮ್ಮೆ ರಸ್ತೆಗೆಂದು ದಿಬ್ಬ ಕಡಿದಿದ್ದ ಕಡೆ ನಿಂತು ನೋಡಿದೆ. ಮೇಲೆ ನಾಲ್ಕು ಬೆರಳಿನಷ್ಟು ಕೊಳೆತ ಎಲೆ, ಅದರೊಳಗೆ ದಾರದಂಥ ಬೇರುಗಳ ಹೆಣಿಗೆ. ಕೆಳಗೆ ಬರೀ ಹಳದಿ ಜೇಡಿ.

ಅಲ್ಲಿ ವರ್ಷಕ್ಕೆ ಸುಮಾರು 2,300 ಮಿ.ಮೀ. ಮಳೆ. ಸೆಕೆಗೆ ರಜೆಯೇ ಇಲ್ಲ. ಲಕ್ಷಾಂತರ ವರ್ಷ ಹೀಗೆ ತೊಳೆದ ನೆಲದಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಹರಿದುಹೋಗಿ, ಸುಲಭಕ್ಕೆ ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದುಕೊಂಡಿವೆ. ಕಾಡಿನ ಆಸ್ತಿ ಇರುವುದು ಮರಗಳ ಮೈಯಲ್ಲೇ. ಎಲೆ ಬಿದ್ದದ್ದೇ ತಡ, ಅಣಬೆಯ ಎಳೆಗಳು ಅದನ್ನು ಕರಗಿಸಿ ಬೇರಿಗೆ ದಾಟಿಸುತ್ತವೆ. ಅಂದಂದಿನ ಗಳಿಕೆ ಅಂದಂದಿಗೆ, ನೆಲದಲ್ಲಿ ಉಳಿತಾಯ ಇಲ್ಲ. ಮರ ಕಡಿದು ಸುಟ್ಟರೆ ಬೂದಿಯ ಬಲದಲ್ಲಿ ಎರಡು ಮೂರು ಬೆಳೆ ಬರಬಹುದು. ಆಮೇಲೆ ಜಮೀನು ಕೈಕೊಡುತ್ತದೆ.

ಎಲ್ಲ ಕಡೆಯೂ ಹೀಗೇ ಅಂದುಕೊಳ್ಳಬೇಡಿ. ಮನೌಸ್ ಹತ್ತಿರ ಎರಡು ನದಿ ಸೇರುತ್ತವೆ. ರಿಯೊ ನೀಗ್ರೊ ನೀರು ಕಡು ಚಹಾದ ಬಣ್ಣ, ಸೊಲಿಮೊಯಿಸ್ ಕೆಸರು ಕೆಸರು. ಬಿಸಿ ಬೇರೆ, ವೇಗ ಬೇರೆ, ಹಾಗಾಗಿ ಸುಮಾರು ಆರು ಕಿ.ಮೀ. ಬೆರೆಯದೆ ಅಕ್ಕಪಕ್ಕ ಹರಿಯುತ್ತವೆ. ದೋಣಿಯಿಂದ ಕೈ ಇಳಿಬಿಟ್ಟರೆ ತಣ್ಣಗಿನ ನೀರು ಎಲ್ಲಿ ಶುರು ಅಂತ ಗೊತ್ತಾಗುತ್ತದೆ! ಆ ಕೆಸರು ಆಂಡಿಸ್ ಪರ್ವತದ್ದು. ನೆರೆ ಇಳಿದ ಮೇಲೆ ದಡದಲ್ಲಿ ಉಳಿಯುವ ಮೆಕ್ಕಲು ಒಳ್ಳೇ ಫಲವತ್ತು. ನೆರೆ ಅಂದರೆ ಸಣ್ಣದಲ್ಲ, ವರ್ಷದಲ್ಲಿ ನೀರು ಹತ್ತು ಮೀಟರ್ ಏರಿಳಿಯುತ್ತದೆ. ಬಂದರಿನ ಅಳತೆಯಲ್ಲಿ 2021ರಲ್ಲಿ 30.02 ಮೀಟರ್ ಮುಟ್ಟಿತ್ತು, 2023ರ ಬರದಲ್ಲಿ 12.70ಕ್ಕೆ ಇಳಿಯಿತು.

ಇನ್ನೊಂದಿದೆ, ಕಪ್ಪು ಮಣ್ಣು. ಅಲ್ಲಿನವರು ‘ತೆರ್ರಾ ಪ್ರೆತಾ’ ಅನ್ನುತ್ತಾರೆ. ಯುರೋಪಿನವರು ಬರುವ ಮೊದಲೇ ಅಲ್ಲಿ ಬಾಳಿದ ಜನ ಇದ್ದಿಲು, ಮೂಳೆ, ಅಡುಗೆಮನೆ ಕಸ ಸೇರಿಸಿ ಮಾಡಿದ ಮಣ್ಣು. ಅಗೆದರೆ ಮಡಕೆ ಚೂರು ಸಿಗುತ್ತದೆ. ಇವತ್ತಿಗೂ ಅದರ ಸತ್ವ ಇಳಿದಿಲ್ಲ. ಯಾರೂ ಮುಟ್ಟದ ಕಾಡು ಅನ್ನುವ ಮಾತು ನನಗೆ ಅಲ್ಲೇ ಬಿಟ್ಟುಹೋಯಿತು.

ಕಲ್ಲುಮಣ್ಣು:
‘ಸತ್ವ ಇಲ್ಲ’ ಅನ್ನುವಾಗ ಗಣಿಯವರನ್ನೂ ಒಂದು ಮಾತು ಕೇಳಿ. 1967ರಲ್ಲಿ ಬ್ರೆಜಿಲ್‌ನ ಅಮೆಜಾನ್ ಕಾಡಲ್ಲೇ ಇರುವ ಕರಜಾಸ್ ಬೆಟ್ಟದಲ್ಲಿ, ದಟ್ಟ ಕಾಡಿನ ನಡುವೆ ಒಂದು ಬೋಳು ಜಾಗ ನೋಡಿ ಹೆಲಿಕಾಪ್ಟರ್ ಇಳಿಸಿದರು. ಕಾಲಡಿಯಲ್ಲಿ ಕಬ್ಬಿಣದ ಗಟ್ಟಿ ಪದರ! ಅದುರಿನಲ್ಲಿ ಶೇ 65ರ ಆಸುಪಾಸು ಕಬ್ಬಿಣ. ಅದನ್ನು ಸಮುದ್ರಕ್ಕೆ ಸಾಗಿಸಲೆಂದೇ 892 ಕಿ.ಮೀ. ರೈಲು ದಾರಿ ಹಾಕಿದರು. ಬೆಳೆಗೆ ಬೇಕಾದದ್ದನ್ನು ತೊಳೆದುಕೊಂಡು ಹೋದ ಮಳೆಯೇ ಇಲ್ಲಿ ಅದುರನ್ನು ಗಟ್ಟಿ ಮಾಡಿದೆ.

ಮರಳುಗಾಳಿ:
ಗಿಡಕ್ಕೆ ಬೇಕೇ ಬೇಕಾದ ರಂಜಕದ (ಫಾಸ್ಫರಸ್) ಲೆಕ್ಕ ಬಿಟ್ಟಿರಿ. ಸಹಾರಾದ ಧೂಳು ಅಟ್ಲಾಂಟಿಕ್ ದಾಟಿ ಬರುತ್ತದೆ. ಅದರ ಒಂದು ದೊಡ್ಡ ಮೂಲ ಚಾಡ್ ದೇಶದ ಬೊಡೆಲೆ ತಗ್ಗು, ಒಂದು ಕಾಲದ ಕೆರೆಯ ತಳ. ಉಪಗ್ರಹ ಅಳತೆಯಿಂದ ನಾಸಾ 2015ರಲ್ಲಿ ಹೇಳಿದ ಪ್ರಕಾರ ವರ್ಷಕ್ಕೆ ಸುಮಾರು 22,000 ಟನ್ ರಂಜಕ. ಮಳೆ ಕೊಚ್ಚಿಕೊಂಡು ಹೋಗುವುದೂ ಹೆಚ್ಚುಕಡಿಮೆ ಅಷ್ಟೇ.

ಪಾಠದಮೇಜು:
ಅಬ್ಬಾ, ಮರಳುಗಾಡಿನ ಧೂಳಾ! ನಾಳೆ ಆ ಹುಡುಗಿಯ ಕೈಯಲ್ಲೇ ನಕ್ಷೆಯ ಮೇಲೆ ಚಾಡ್‌ನಿಂದ ಗೆರೆ ಎಳೆಸುತ್ತೇನೆ. ಉಳಿದವರು ‘ಇದು ಪರೀಕ್ಷೆಗೆ ಬರುತ್ತಾ ಮಿಸ್?’ ಅಂತ ಕೇಳುವುದು ಗ್ಯಾರಂಟಿ.